ನಮ್ಮ ಬಾವಿಗೆ ಯಾರ ಅಪ್ಪಣೆ?

ಹೊಸನಗರ ತಾಲ್ಲೂಕಿನ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಎರಡು ಹಾಳೆ ತುಂಬ ಸಿಟ್ಟಿದೆ. ವಿಷಯ ಇಷ್ಟು: ಅಜ್ಜ ತೋಡಿಸಿದ ಬಾವಿ, ಎರಡು ಎಕರೆ ಅಡಿಕೆ ತೋಟ. ಹೋದ ವರ್ಷ ಕೆಳಗಿನ ಮನೆಯವರು ಬೋರ್ ಹೊಡೆಸಿದರು. ಈ ಸಲ ಮಾರ್ಚಿನಲ್ಲೇ ಬಾವಿಯ ತಳ ಕಂಡಿತು. ಇದರ ಮೇಲೆ ‘ಇನ್ನು ಬಾವಿಗಳನ್ನೆಲ್ಲ ನೋಂದಾಯಿಸಬೇಕಂತೆ, ಮೀಟರ್ ಬರುತ್ತಂತೆ’ ಎಂದು ಪೇಟೆಯಲ್ಲಿ ಸುದ್ದಿ. ‘ನನ್ನ ಜಮೀನಿನ ನೀರಿಗೆ ಸರ್ಕಾರದ ಅಪ್ಪಣೆ ಯಾಕೆ? ಅಪ್ಪಣೆ ಬೇಕು ಅಂತಿದ್ದರೆ ಅವರ ಬೋರಿಗೆ ಯಾಕೆ ಯಾರೂ ಕೇಳಲಿಲ್ಲ?’ ಇದು ಅವರ ಪ್ರಶ್ನೆ.

ಮಾರಾಯ್ರೇ, ನಿಮ್ಮ ಎರಡು ಪ್ರಶ್ನೆಗಳೇ ಒಂದಕ್ಕೊಂದು ಜಗಳ ಆಡುತ್ತಿವೆ. ನಿಮ್ಮ ನೆಲದಡಿಯ ನೀರು ಪೂರ್ತಿ ನಿಮ್ಮದಾದರೆ, ಕೆಳಗಿನ ಮನೆಯವರ ನೆಲದಡಿಯದು ಪೂರ್ತಿ ಅವರದು. ಆಗ ಅವರನ್ನು ಕೇಳುವವರು ಯಾರು? ಯಾರಾದರೂ ಹೋಗಿ ಅವರನ್ನು ಕೇಳಲಿ ಅಂತ ನಿಮಗಿದ್ದರೆ, ಅದೇ ಮನುಷ್ಯ ನಾಳೆ ನಿಮ್ಮ ಅಂಗಳಕ್ಕೂ ಬರುತ್ತಾನೆ.

ನೀವು ಹೇಳುವ ಹಕ್ಕು ಸುಳ್ಳಲ್ಲ. ಬ್ರಿಟಿಷರ ಕಾಲದ 1882ರ ಈಸ್‌ಮೆಂಟ್ ಕಾಯ್ದೆಯಲ್ಲೇ ಅದು ಇದೆ. ಜಮೀನಿನ ಮಾಲೀಕ ತನ್ನ ಗಡಿಯೊಳಗೆ, ನೆಲದಡಿಯ ನೀರನ್ನು ತೆಗೆದುಕೊಳ್ಳಬಹುದು. ಆದರೆ ಅದನ್ನು ಬರೆದ ಕಾಲದಲ್ಲಿ ನೀರೆತ್ತುವುದು ಅಂದರೆ ಕೊಡ, ಹಗ್ಗ, ಏತ, ಕಪಿಲೆ. ಎತ್ತಿಗೆ ಸುಸ್ತಾದರೆ ಬಾವಿಗೂ ವಿಶ್ರಾಂತಿ ಸಿಗುತ್ತಿತ್ತು. ಮೋಟಾರಿಗೆ ಸುಸ್ತು ಅಂತ ಇಲ್ಲ. ಅದೂ ಅಲ್ಲದೆ ನಮ್ಮ ರಾಜ್ಯದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟ್ ಪುಕ್ಕಟೆ. (ನಮ್ಮ ಮನೆ ತೋಟದ ಮೋಟಾರೂ ಅದರಲ್ಲೇ ಓಡುತ್ತದೆ. ಹಾಗಾಗಿ ಇಲ್ಲಿ ನಾನು ದೊಡ್ಡ ಮಾತು ಆಡುವ ಹಾಗಿಲ್ಲ.)

ಈಗ ಕಾನೂನಿಗೆ ಬರೋಣ. ನಿಮಗೆ ಸಂಬಂಧಪಟ್ಟವು ಎರಡು. 2011ರ ಕರ್ನಾಟಕ ಅಂತರ್ಜಲ ಕಾಯ್ದೆ ಒಂದು. ಸರ್ಕಾರ ‘ಅಧಿಸೂಚಿತ ಪ್ರದೇಶ’ ಎಂದು ಘೋಷಿಸಿದ ಕಡೆ ಹೊಸ ಬಾವಿ, ಹೊಸ ಬೋರು ತೋಡಲು ಮೊದಲೇ ಪರವಾನಗಿ ಬೇಕು. ಈಗಾಗಲೇ ನೀರು ಬಳಸುವವರು ನೋಂದಣಿ ಮಾಡಿಸಬೇಕು. ಜಿಲ್ಲೆಯಲ್ಲಿ ಇದನ್ನು ನೋಡುವ ಸಮಿತಿಗೆ ಜಿಲ್ಲಾಧಿಕಾರಿಯೇ ಮುಖ್ಯಸ್ಥರು. ಬೋರ್ ಲಾರಿಯವರೂ ತಮ್ಮ ರಿಗ್ (ಕೊರೆಯುವ ಯಂತ್ರ) ನೋಂದಾಯಿಸಿರಬೇಕು. ನಿಮ್ಮ ಊರು ಆ ಪಟ್ಟಿಯಲ್ಲಿದೆಯೋ ಇಲ್ಲವೋ ಎನ್ನುವುದನ್ನು ಶಿವಮೊಗ್ಗದ ಅಂತರ್ಜಲ ಕಚೇರಿಯಲ್ಲಿ ಕೇಳಿ, ಪೇಟೆಯ ಹೋಟೆಲಿನಲ್ಲಿ ಅಲ್ಲ.

ಇನ್ನೊಂದು ಹಳೆಯದು, ಕುಡಿಯುವ ನೀರಿನ ಮೂಲಗಳನ್ನು ಕಾಪಾಡಲು ಮಾಡಿದ 1999ರ ಕಾಯ್ದೆ. ಇದು ಬಹಳ ಜನಕ್ಕೆ ಗೊತ್ತೇ ಇಲ್ಲ. ಸಾರ್ವಜನಿಕ ಕುಡಿಯುವ ನೀರಿನ ಬಾವಿಯೋ ಬೋರೋ ಇದ್ದರೆ, ಅದರಿಂದ 500 ಮೀಟರಿನೊಳಗೆ ಅನುಮತಿ ಇಲ್ಲದೆ ಹೊಸದಾಗಿ ತೋಡುವ ಹಾಗಿಲ್ಲ. ಕೆಳಗಿನ ಮನೆಯವರ ಬೋರಿನಿಂದ ಪಂಚಾಯ್ತಿ ಬೋರು ಎಷ್ಟು ದೂರ? ಪತ್ರದಲ್ಲಿ ಬರೆದಿಲ್ಲ. ಅದನ್ನು ಮೊದಲು ಅಳೆಯಿರಿ. ಹಾಗೇ ನಿಮ್ಮ ಬಾವಿಯಿಂದ ಎಷ್ಟು ದೂರ ಅಂತಲೂ ನೋಡಿಕೊಳ್ಳಿ. ನಾಳೆ ನೀವೂ ಬೋರ್ ಹೊಡೆಸಲು ಹೊರಟರೆ ಅದೇ ನಿಯಮ ನಿಮಗೂ ಅಡ್ಡ ಬರುತ್ತದೆ.

ಈ ಕಾನೂನುಗಳ ಬಗ್ಗೆ ನನ್ನ ತಕರಾರು ಬೇರೆಯೇ. ಅಂತರ್ಜಲದ ಸರ್ಕಾರಿ ಲೆಕ್ಕ ನಡೆಯುವುದು ವರ್ಷಕ್ಕೆ, ತಾಲ್ಲೂಕಿಗೆ. ವರ್ಷದಲ್ಲಿ ಇಂಗಿದ್ದರಲ್ಲಿ 100ಕ್ಕೆ 70ರೊಳಗೆ ಎತ್ತಿದರೆ ‘ಸುರಕ್ಷಿತ’. ಇಂಗಿದ್ದಕ್ಕಿಂತ ಜಾಸ್ತಿ ಎತ್ತಿದರೆ ‘ಅತಿ ಬಳಕೆ’. ಕೋಲಾರದಂಥ ಬಯಲುಸೀಮೆಗೆ ಈ ಲೆಕ್ಕ ಸರಿ. ನಮ್ಮ ಮಲೆನಾಡು ಹಾಗಲ್ಲ. ಆಗಸ್ಟಿನಲ್ಲಿ ಬಾವಿಕಟ್ಟೆಯ ಮೇಲೆ ಕೂತು ಕೈಯಲ್ಲೇ ನೀರು ಮುಟ್ಟಬಹುದು. ಮಾರ್ಚಿನಲ್ಲಿ ಅದೇ ಬಾವಿಗೆ ಹಗ್ಗ ಸಾಲುವುದಿಲ್ಲ. ಗುಡ್ಡದ ಮೇಲಿನ ಮನೆಗೆ ಟ್ಯಾಂಕರ್ ಬರುವ ಹೊತ್ತಿಗೆ ಕೆಳಗಿನ ಮನೆಯ ಅಬ್ಬಿ (ಗುಡ್ಡದಿಂದ ಇಳಿಯುವ ಒರತೆ ನೀರು) ಇನ್ನೂ ಹರಿಯುತ್ತಿರುತ್ತದೆ. ನಮ್ಮ ಬರ ಮೂರು ತಿಂಗಳದ್ದು, ಒಂದು ಗುಡ್ಡದ್ದು. ತಾಲ್ಲೂಕಿನ ಸರಾಸರಿಯಲ್ಲಿ ಅದು ಕಾಣುವುದೇ ಇಲ್ಲ.

ಹಾಗಾದರೆ ಕೆಳಗಿನವರ ಬೋರೇ ನಿಮ್ಮ ಬಾವಿ ಕುಡಿಯಿತೇ? ಇರಬಹುದು. ಇಲ್ಲದೆಯೂ ಇರಬಹುದು. ಬೇಜಾರು ಮಾಡಿಕೊಳ್ಳಬೇಡಿ, ಕಾರಣ ಹೇಳುತ್ತೇನೆ.

ನಿಮ್ಮ ಬಾವಿಯೊಳಗೆ ಬಗ್ಗಿ ನೋಡಿ. ಮೇಲೆ ತೂತು ತೂತಾದ ಕೆಂಪು ಕಲ್ಲು, ಅಂದರೆ ಜಂಬಿಟ್ಟಿಗೆ. ಅದರ ಕೆಳಗೆ ನೀರು ಸುಲಭವಾಗಿ ಇಳಿಯದ ಜೇಡಿ, ಅಂದರೆ ಶೇಡಿ ಮಣ್ಣು. ಮಳೆಗಾಲದ ನೀರು ಜಂಬಿಟ್ಟಿಗೆಯ ತೂತುಗಳಲ್ಲಿ ಇಳಿದು ಶೇಡಿಯ ಮೇಲೆ ನಿಲ್ಲುತ್ತದೆ. ನಿಮ್ಮ ಒರತೆ ಬರುವುದು ಅಲ್ಲಿಂದ. ಬೋರು ಅದನ್ನೆಲ್ಲ ದಾಟಿ ಕೆಳಗಿನ ಗಟ್ಟಿ ಬಂಡೆಯ ಬಿರುಕಿನ ನೀರಿಗೆ ಹೋಗುತ್ತದೆ. ಬೋರಿನ ಮೇಲ್ಭಾಗದ ಮಣ್ಣಿಗೆ ಅಡ್ಡವಾಗಿ ಇಳಿಸುವ ಕೇಸಿಂಗ್ ಪೈಪು ಬಂಡೆಗೆ ಸರಿಯಾಗಿ ಕೂತಿದ್ದರೆ ಮೇಲಿನ ನೀರು ನೇರ ಬೋರಿಗೆ ಇಳಿಯುವುದಿಲ್ಲ. ಆದರೆ ಕೇಸಿಂಗಿಗೆ ಅಡಿ ಲೆಕ್ಕದಲ್ಲಿ ದುಡ್ಡು. ‘ಇಷ್ಟು ಸಾಕು ಬಿಡಿ’ ಎಂದು ನಡುವೆ ನಿಲ್ಲಿಸಿದರೆ, ಶೇಡಿಯ ಮೇಲೆ ನಿಂತ ನೀರಿಗೆ ಕೆಳಗೆ ದಾರಿ ಸಿಕ್ಕಿತು ಅಂತಲೇ ಅರ್ಥ. ಹಾಗಾಗಿ ಬೋರ್ ಎಷ್ಟು ಅಡಿ ಅಂತ ಕೇಳಬೇಡಿ. ಕೇಸಿಂಗ್ ಎಷ್ಟು ಅಡಿ ಇಳಿದಿದೆ ಅಂತ ಕೇಳಿ. ಬೋರಿನವರ ಬಿಲ್ಲಿನಲ್ಲಿ ಇರುತ್ತದೆ.

ಇನ್ನೊಂದು ಲೆಕ್ಕ, ಇದು ನಿಮಗೆ ಅಷ್ಟು ಹಿಡಿಸಲಿಕ್ಕಿಲ್ಲ. ಒಂಬತ್ತು ಅಡಿ ಅಂತರದಲ್ಲಿ ಎಕರೆಗೆ ಸುಮಾರು 550 ಅಡಿಕೆ ಮರ. ನಿಮ್ಮಲ್ಲಿ 1,100. ಪೈಪ್ ಹಿಡಿದು ಬುಡಕ್ಕೆ ಬಿಡುವುದಾದರೆ ಬೇಸಿಗೆಯಲ್ಲಿ ನಾಲ್ಕೈದು ದಿನಕ್ಕೊಮ್ಮೆ ಮರಕ್ಕೆ 175 ಲೀಟರ್ ಎನ್ನುವುದು ರೂಢಿಯ ಶಿಫಾರಸು. ಅಂದರೆ ಒಂದು ಸುತ್ತಿಗೆ 1,92,500 ಲೀಟರ್. ಡ್ರಿಪ್ಪಿನಲ್ಲಿ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕು. ನಾಲ್ಕು ದಿನಕ್ಕೆ 80,000 ಲೀಟರಿನ ಆಚೀಚೆ. ‘ಡ್ರಿಪ್ ನಮಗೆ ಆಗಿಬರುವುದಿಲ್ಲ’ ಎಂದು ಪತ್ರದ ಎರಡನೇ ಹಾಳೆಯಲ್ಲಿ ಬರೆದಿದ್ದೀರಿ. ಯಾಕೆ ಅಂತ ಬರೆದಿಲ್ಲ.

ನಮ್ಮ ಮನೆಯಲ್ಲೂ ಇಂಥದೇ ಜಗಳ ಆಗಿತ್ತು. ಪಕ್ಕದ ತೋಟದವರು ಬೋರ್ ಹೊಡೆಸಿದ ವರ್ಷ ನಮ್ಮ ಬಾವಿ ಬೇಗ ಇಳಿಯಿತು. ಅಪ್ಪ ಅರ್ಜಿ ಹಿಡಿದು ಒಂದು ಕಚೇರಿಗೆ ಹೋದರು. ಅಲ್ಲಿಯವರು ಕೇಳಿದ್ದು ಒಂದೇ ಪ್ರಶ್ನೆ: ‘ಮುಂಚೆ ಎಷ್ಟಿತ್ತು?’ ಅಪ್ಪನ ಬಳಿ ಉತ್ತರ ಇರಲಿಲ್ಲ. ‘ಜಾಸ್ತಿ ಇತ್ತು’ ಅಂದರಂತೆ. ಮನೆಗೆ ಬಂದವರು ಸಿಟ್ಟಿನಲ್ಲಿ ಕಾಫಿಯನ್ನೂ ಕುಡಿಯಲಿಲ್ಲ. ಮಾರನೇ ದಿನ ಬಾವಿಹಗ್ಗಕ್ಕೆ ಅಡಿಗೊಂದು ಗಂಟು ಹಾಕಿ, ತುದಿಗೆ ಒಂದು ಹಳೇ ತೂಕದ ಬಟ್ಟು ಕಟ್ಟಿದರು. ಪ್ರತಿ ಸೋಮವಾರ ಬೆಳಿಗ್ಗೆ, ಮೋಟಾರ್ ಹಾಕುವ ಮುಂಚೆ, ಕಟ್ಟೆಯಿಂದ ನೀರಿಗೆ ಎಷ್ಟು ಗಂಟು ಅಂತ ಹಾಲಿನ ಲೆಕ್ಕದ ಪುಸ್ತಕದಲ್ಲಿ ಬರೆಯುತ್ತಿದ್ದರು. ಎರಡು ವರ್ಷ ಬರೆದ ಮೇಲೆ ಗೊತ್ತಾಗಿದ್ದು: ಪಕ್ಕದವರ ಬೋರ್ ಇದ್ದರೂ ಹಿಂಗಾರು ಸರಿಯಾಗಿ ಬಿದ್ದ ವರ್ಷ ಬಾವಿ ಏಪ್ರಿಲ್ ಕೊನೆಯವರೆಗೆ ಬರುತ್ತದೆ. ಬೋರಿನ ಪಾಲು ಸ್ವಲ್ಪ ಇತ್ತು, ನಮ್ಮ ಪೈಪಿನ ಪಾಲು ಜಾಸ್ತಿ ಇತ್ತು. ಅಪ್ಪ ಅದನ್ನು ಬಾಯಿಬಿಟ್ಟು ಒಪ್ಪಲಿಲ್ಲ, ಡ್ರಿಪ್ ಮಾತ್ರ ಹಾಕಿಸಿದರು.

ಆದ್ದರಿಂದ ನೋಂದಣಿಗೆ ಹೆದರಬೇಡಿ. ನಿಮ್ಮದು ಹಳೇ ಬಾವಿ, ಕೆಳಗಿನದು ಹೊಸ ಬೋರು. ಅದು ಕಾಗದದಲ್ಲಿ ಇಲ್ಲದಿದ್ದರೆ ನಾಳೆ ಯಾರು ಮೊದಲು ಎನ್ನುವುದಕ್ಕೆ ಸಾಕ್ಷಿ ಏನು? ಅರ್ಜಿ ಕೊಡುವ ಮುಂಚೆ ಒಂದು ಕೆಲಸ ಮಾಡಿ ನೋಡಿ. ಕೆಳಗಿನ ಮನೆಯವರ ಜೊತೆ ಮಾತು ಬಿಟ್ಟಿಲ್ಲ ತಾನೇ? ಎರಡು ದಿನ ಇಬ್ಬರೂ ಮೋಟಾರ್ ನಿಲ್ಲಿಸಿ. ಬಾವಿಯ ಮಟ್ಟ ಅಳೆಯಿರಿ. ಮೂರನೇ ದಿನ ಅವರದು ಮಾತ್ರ ಓಡಲಿ, ಗಂಟೆಗೊಮ್ಮೆ ಹಗ್ಗ ಬಿಡಿ. ಅವರ ಎದುರಿಗೇ ಅಳೆದರೆ ಒಳ್ಳೆಯದು, ಆಮೇಲೆ ವಾದ ಇರುವುದಿಲ್ಲ. ಮಟ್ಟ ಇಳಿದರೆ ಕೇಸಿಂಗಿನ ಬಿಲ್ಲು ಕೇಳುವುದಕ್ಕೆ ನಿಮಗೊಂದು ಬಲ ಬರುತ್ತದೆ. ಇಳಿಯದಿದ್ದರೆ ಡ್ರಿಪ್ಪಿನ ಮಾತು ಮತ್ತೆ ಆಡೋಣ.

ಲೆಕ್ಕ ಬರೆದ ಹಾಳೆಯ ಫೋಟೊ ಕಳಿಸಿ. ಜೊತೆಗೆ ಬಾವಿ ಎಷ್ಟು ಅಡಿ, ಶೇಡಿ ಎಷ್ಟು ಅಡಿಗೆ ಸಿಕ್ಕಿತು ಅಂತಲೂ ಬರೆಯಿರಿ. ಬಾವಿ ತೋಡಿದವರು ಯಾರಾದರೂ ಊರಲ್ಲಿ ಇದ್ದರೆ ಅವರಿಗೆ ನೆನಪಿರುತ್ತದೆ.

— ಸಂಪಾದಕ