ದೊಡ್ಡ ಫ್ಲಿಕರ್‌ಗೇ ದುಡ್ಡು ಸುರಿಯಬೇಕಾ?

ಹಾಕಿ ಇಂಡಿಯಾ ಲೀಗ್ ಹರಾಜಿನಲ್ಲಿ ಪೆನಾಲ್ಟಿ ಕಾರ್ನರ್‌ನಲ್ಲಿ ಚೆಂಡನ್ನು ಸ್ಟಿಕ್‌ನಿಂದ ಎಳೆದು ಗೋಲಿಗೆ ಎಸೆಯೋ ಸ್ಟಾರ್ ಡ್ರ್ಯಾಗ್‌ಫ್ಲಿಕರ್ ಒಬ್ಬ ಸಿಕ್ಕರೆ ಸಾಕಲ್ವಾ ಅಂತ ಕೇಳಿದ್ದೀರಿ. ಸಾಲದು ಸರ್. 2024ರ ಹರಾಜಿನಲ್ಲಿ ಸೂರ್ಮಾ ತಂಡದವರು ಫ್ಲಿಕರ್ ಹರ್ಮನ್‌ಪ್ರೀತ್ ಒಬ್ಬರಿಗೇ 78 ಲಕ್ಷ ಕೊಟ್ಟರು, ಅದೇ ಆ ಸಲದ ದೊಡ್ಡ ಬೆಲೆ. ಆದರೆ ಕಪ್ ಎತ್ತಿದ್ದು ಬಂಗಾಳ ಟೈಗರ್ಸ್. ಅವರ ಪರ ಫೈನಲ್‌ನಲ್ಲಿ ಮೂರು ಗೋಲು ಹೊಡೆದ ಜುಗರಾಜ್ ಅದಕ್ಕಿಂತ ಎಷ್ಟೋ ಕಡಿಮೆಗೆ ಬಂದವರು.

ತುಮಕೂರಿನಲ್ಲಿ ಮಣ್ಣಿನ ಮೈದಾನದಲ್ಲಿ ಆಡುವಾಗ ನಮ್ಮಲ್ಲೂ ಒಬ್ಬ ಒಳ್ಳೇ ಫ್ಲಿಕರ್ ಇದ್ದ. ಪುಶರ್ ಗೋಲ್ ಪಕ್ಕದ ಗೆರೆಯಿಂದ ತಳ್ಳಿದ ಚೆಂಡು ಸಣ್ಣ ಕಲ್ಲಿಗೆ ತಾಗಿ ನೆಗೆದು, ಅದನ್ನ ಫ್ಲಿಕರ್‌ಗೆ ನಿಲ್ಲಿಸಿಕೊಡಬೇಕಾದ ಸ್ಟಾಪರ್‌ನ ಸ್ಟಿಕ್ ಮೇಲಿಂದ ಹಾರಿಹೋಗೋದು. ನಮ್ಮ ಫ್ಲಿಕರ್ ಬಗ್ಗಿ ನಿಂತವನು ಹಾಗೇ ನಿಂತಿರೋನು. ಮ್ಯಾನೇಜರ್ ಪ್ರತಿ ಸಲ ಬೈತಿದ್ದದ್ದು ಇವನನ್ನೇ! ಸ್ಟಾಪರ್‌ಗೆ ಒಂದು ದಿನವೂ ಬೇರೆ ಪ್ರಾಕ್ಟೀಸ್ ಕೊಡಿಸಲಿಲ್ಲ. ನೆನೆಸಿಕೊಂಡರೆ ಈಗಲೂ ಸಂಕಟ ಆಗುತ್ತೆ. ಹರಾಜಿನಲ್ಲಿ ತಂಡದವರು ಮೊದಲು ಪುಶರ್, ಸ್ಟಾಪರ್, ಗಟ್ಟಿ ಗೋಲ್‌ಕೀಪರ್ ತಗೊಳ್ಳಲಿ.