1974ರ ಅಂಬಾಸಿಡರ್‌ಗೆ ಅಟ್ಟದ ಮೇಲಿರುವ ಹಳೆ ಚೈಲ್ಡ್ ಸೀಟ್ ಹಾಕಬಹುದೇ?

ಬೇಡ. ಹೊಸ ಸೀಟ್ ತಂದರೂ ಈಗಲೇ ಹಾಕಬೇಡಿ. ಅಟ್ಟದಲ್ಲಿರುವ ಅಣ್ಣನ ಮಗನ ಆ ಸೀಟು ನಿಮ್ಮ ಗಾಡಿಯ ಕಂದು ರೆಕ್ಸಿನ್‌ಗೆ ಒಪ್ಪುತ್ತದೆ ಅಂದಿದ್ದೀರಿ. ಹಳೆ ಗಾಡಿಗಳ ಕುಶನ್ ಕೆಲಸ ಮಾಡುವ ನನಗೆ ಆ ಆಸೆ ಅರ್ಥವಾಗುತ್ತದೆ. ಆದರೆ ಬಣ್ಣ ಆಮೇಲೆ, ಮೊದಲು ಬೆಲ್ಟ್ ನೋಡಿ. ನಮ್ಮಲ್ಲಿ ಮುಂದಿನ ಸೀಟಿಗೆ ಬೆಲ್ಟ್ ಕಡ್ಡಾಯವಾದದ್ದೇ 1994ರಲ್ಲಿ. ನಿಮ್ಮ ಗಾಡಿಯ ಹಿಂದಿನ ಸೀಟಿಗೆ ಕಂಪನಿಯಿಂದ ಬೆಲ್ಟ್ ಬಂದಿರುವುದಿಲ್ಲ.

ಅಟ್ಟದ ಸೀಟನ್ನು ಮಗುಚಿ ನೋಡಿ. ಕಿತ್ತಳೆ ಚೀಟಿಯಲ್ಲಿ ಯುರೋಪಿನ ಸುರಕ್ಷತಾ ಅನುಮೋದನೆಯ ಸಂಖ್ಯೆ 01 ಅಥವಾ 02ರಿಂದ ಶುರುವಾದರೆ, ಯುರೋಪಿನಲ್ಲಿ ಅಂಥದ್ದರ ಬಳಕೆ 2008ರಲ್ಲೇ ನಿಂತಿದೆ. 03, 04 ಇದ್ದರೂ ಪ್ಲಾಸ್ಟಿಕ್ಕಿನ ಮೇಲೆ ಅಚ್ಚೊತ್ತಿದ ತಯಾರಿಯ ವರ್ಷ ನೋಡಿ. ಹತ್ತು ವರ್ಷ ದಾಟಿದ್ದರೆ, ಹಿಂದೆ ಅಪಘಾತ ಕಂಡಿದ್ದರೆ, ಬಿಸಾಡಿ. ಯಾರಿಗೂ ಕೊಡಬೇಡಿ, ಪಟ್ಟಿ ಕತ್ತರಿಸಿಯೇ ಬಿಸಾಡಿ.

ಈಗ ಎಲ್ಲರೂ ಮಾಡುವ ತಪ್ಪು. ಸೊಂಟ, ಭುಜ ಎರಡನ್ನೂ ಹಿಡಿಯುವ ಮೂರು ಪಾಯಿಂಟಿನ ಬೆಲ್ಟ್ ತರುತ್ತಾರೆ, ನೆಲದ ತಗಡಿಗೆ ತೂತು ಹೊಡೆದು ವಾಷರ್ ಕೊಟ್ಟು ಬೋಲ್ಟ್ ಬಿಗಿಯುತ್ತಾರೆ. ಕೈಯಿಂದ ಎಳೆದರೆ ಗಟ್ಟಿಯಾಗೇ ಇರುತ್ತದೆ, ಅದೇ ಮೋಸ. ಮಗು 15 ಕಿಲೋ, ಸೀಟು 5 ಕಿಲೋ. ಡಿಕ್ಕಿಯ ಕ್ಷಣದಲ್ಲಿ ಆ 20 ಕಿಲೋ ಇಪ್ಪತ್ತು ಮೂವತ್ತು ಪಟ್ಟಾಗಿ, 400ರಿಂದ 600 ಕಿಲೋ ಭಾರದಂತೆ ಎಳೆಯುತ್ತದೆ. ತುಕ್ಕು ತಿಂದ ತಗಡಿನಿಂದ ವಾಷರ್ ಸಮೇತ ಬೋಲ್ಟ್ ಕಿತ್ತು ಬರುತ್ತದೆ. ಮೊದಲು ಮ್ಯಾಟ್ ತೆಗೆದು ಸ್ಕ್ರೂಡ್ರೈವರ್‌ನಿಂದ ನೆಲ ಚುಚ್ಚಿ ನೋಡಿ. ಕೊಳೆತ ಜಾಗ ಕತ್ತರಿಸಿ, ಹೊಸ ತಗಡು ವೆಲ್ಡ್ ಮಾಡಿಸಿ. ಆಮೇಲೆ ತಗಡಿನ ಕೆಳಗಡೆಯಿಂದ ಕನಿಷ್ಠ 3 ಮಿ.ಮೀ. ದಪ್ಪದ, ಅಂಗೈ ಅಗಲದ, ಮೂಲೆ ದುಂಡಗಿರುವ ಉಕ್ಕಿನ ಪ್ಲೇಟ್ ಕೊಡಿ. ಬೋಲ್ಟ್ ಸೀಟ್‌ಬೆಲ್ಟಿನದೇ ಆಗಿರಲಿ, 7/16 ಇಂಚು ಯುಎನ್‌ಎಫ್, ಅಂದರೆ ಸಣ್ಣ ಮರೆಯದು. ಹಾರ್ಡ್‌ವೇರ್ ಅಂಗಡಿಯ ಮಾಮೂಲಿ ಬೋಲ್ಟ್ ಬೇಡ. ಭುಜದ ಮೇಲಿನ ಪಾಯಿಂಟ್ ಹಿಂದಿನ ಬಾಗಿಲ ಹಿಂದೆ ಚಾವಣಿ ಹೊರುವ ಕಂಬದಲ್ಲಿ ಬರಬೇಕು, ಅಲ್ಲೂ ಒಳಗೆ ಪ್ಲೇಟ್ ಬೇಕೇ ಬೇಕು. ಬೆಲ್ಟ್ ಸುತ್ತಿಕೊಳ್ಳುವ ರೀಲನ್ನು ಅದರ ಮೇಲೆ ಬರೆದ ಕೋನದಲ್ಲೇ ಕೂರಿಸಿ, ಓರೆಯಾದರೆ ಬೆಲ್ಟ್ ಹೊರಗೇ ಬರುವುದಿಲ್ಲ. ಬರೀ ಸೊಂಟದ ಬೆಲ್ಟ್ ಹಾಕಿಸಿ ಬೂಸ್ಟರ್ (ಮಗುವನ್ನು ಎತ್ತರಕ್ಕೆ ಕೂರಿಸುವ ಸೀಟು) ಇಡಬೇಡಿ, ಹೊಟ್ಟೆಗೆ, ಬೆನ್ನುಹುರಿಗೆ ಪೆಟ್ಟಾಗುತ್ತದೆ.

ಅಂಬಾಸಿಡರ್‌ನ ಸ್ಪ್ರಿಂಗ್ ಕುಶನ್ ಕುಗ್ಗುತ್ತದೆ. ಸೀಟಿನ ಮೇಲೆ ಮಂಡಿಯೂರಿ ಒತ್ತಿ ಬೆಲ್ಟ್ ಬಿಗಿಯಿರಿ. ಬೆಲ್ಟ್ ಹಾಯುವ ಜಾಗದಲ್ಲಿ ಹಿಡಿದು ಅಲ್ಲಾಡಿಸಿದರೆ ಒಂದಿಂಚಿಗಿಂತ ಹೆಚ್ಚು ಸರಿಯಬಾರದು. ಸ್ವಲ್ಪ ದೂರ ಓಡಿಸಿ ಮತ್ತೆ ನೋಡಿ. ಸಡಿಲಾಗುತ್ತಿದ್ದರೆ ಸ್ಪ್ರಿಂಗ್ ಬದಲಿಸಿ ಗಟ್ಟಿ ಫೋಮ್ ಹಾಕಿಸಿ, ಮೇಲಿನ ರೆಕ್ಸಿನ್ ಹಳೆಯದೇ ಇರಲಿ. ಇದೆಲ್ಲ ಆಗುವವರೆಗೆ ಮಗುವನ್ನು ಈ ಗಾಡಿಯಲ್ಲಿ ಕರೆದೊಯ್ಯಬೇಡಿ.