ಮಗ ಫುಟಿ ಆಟಗಾರನಾಗುತ್ತೇನೆ ಎನ್ನುತ್ತಾನೆ ಎಂದು ಬರೆದ ತಂಗಿಗೆ

ಅಕ್ಕ ಎಂದು ಕರೆದು ಬರೆದಿದ್ದೀರಿ, ಆ ಸಲುಗೆಯಿಂದಲೇ ಉತ್ತರಿಸುತ್ತಿದ್ದೇನೆ. ದಾವಣಗೆರೆ ಬಿಟ್ಟು ಮೆಲ್ಬರ್ನ್‌ನ ಟಾರ್ನೀಟ್‌ಗೆ ಬಂದು ಹದಿನಾಲ್ಕು ತಿಂಗಳಾಯಿತು, ಯಜಮಾನರಿಗೆ ಕೆಲಸ ಕುದುರಿದೆ, ನಿಮಗೆ ಊರು ಇನ್ನೂ ಒಗ್ಗಿಲ್ಲ, ಹದಿಮೂರು ವರ್ಷದ ಮಗನಿಗೆ ಮಾತ್ರ ಫುಟಿಯ, ಅಂದರೆ ಇಲ್ಲಿಯ ಆಸ್ಟ್ರೇಲಿಯನ್ ಫುಟ್‌ಬಾಲ್‌ನ, ಹುಚ್ಚು ಹತ್ತಿದೆ. ದೊಡ್ಡವನಾದ ಮೇಲೆ ಈ ಆಟದ ವೃತ್ತಿಪರ ಲೀಗ್ ಆದ ಎಎಫ್‌ಎಲ್‌ನಲ್ಲಿ ಆಟಗಾರನಾಗುತ್ತೇನೆ ಎಂದು ಹಟ ಹಿಡಿದಿದ್ದಾನೆ. 'ಇದಕ್ಕೇ ಇಷ್ಟು ದೂರ ಬಂದೆವೇ' ಎಂದು ಅವನ ತಂದೆ ಮಾತು ಬಿಟ್ಟಿದ್ದಾರೆ. ಅದೂ ಒಂದು ಉದ್ಯೋಗವೇ, ನಮ್ಮ ಮಕ್ಕಳಿಗೆ ದಕ್ಕುತ್ತದೆಯೇ, ತಲೆಗೆ ಪೆಟ್ಟು ಬಿದ್ದರೆ ಗತಿಯೇನು ಎಂದು ಕೇಳಿದ್ದೀರಿ.

ಈ ಊರಿನ ಪಶ್ಚಿಮ ಬಡಾವಣೆಗಳಲ್ಲಿ ನಾನು ಹತ್ತೊಂಬತ್ತು ವರ್ಷ ಕಳೆದಿದ್ದೇನೆ. ನನ್ನ ಮಗ ಏಳನೆಯ ವಯಸ್ಸಿನಿಂದ ಹದಿನೇಳರವರೆಗೆ ಆಡಿದ. ಹತ್ತು ಚಳಿಗಾಲಗಳ ಭಾನುವಾರಗಳನ್ನು ಕೆಸರು ಮೈದಾನದ ಅಂಚಿನಲ್ಲಿ ನಿಂತು ಕಳೆದವಳು ನಾನು. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ, ಅವನನ್ನು ಮೈದಾನದಿಂದ ಎಳೆದು ತರಬೇಡಿ. ಆದರೆ ಈ ವೃತ್ತಿ ಎಂಥದ್ದು ಎಂಬುದನ್ನು ಅವನಿಗಿಂತ ಮೊದಲು ನೀವು ಸರಿಯಾಗಿ ತಿಳಿದುಕೊಳ್ಳಿ.

ಆಟದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಮಗನೇ ಹೇಳಿಕೊಡುತ್ತಾನೆ. ಬಾಕ್ಸಿಂಗ್ ಡೇ ಟೆಸ್ಟ್ ಎಂದು ಊರಿನಲ್ಲಿ ಬೆಳಗಿನ ಜಾವ ಎದ್ದು ಟಿವಿ ಮುಂದೆ ಕೂರುತ್ತಿದ್ದೆವಲ್ಲ, ಅದೇ ಎಂಸಿಜಿ ಮೈದಾನ ಇಲ್ಲಿಯವರ ಮನಸ್ಸಿನಲ್ಲಿ ಮೊದಲು ಫುಟಿಯದು, ಆಮೇಲೆ ಕ್ರಿಕೆಟ್‌ನದು. ಆಟ ಹುಟ್ಟಿದ್ದೇ ಕ್ರಿಕೆಟಿಗರಿಂದ. ಚಳಿಗಾಲದಲ್ಲಿ ಆಟಗಾರರ ಮೈ ಜಡ್ಡುಗಟ್ಟದಿರಲಿ ಎಂದು ಟಾಮ್ ವಿಲ್ಸ್ ಎಂಬ ಕ್ರಿಕೆಟಿಗ 1858ರಲ್ಲಿ ಪತ್ರಿಕೆಗೆ ಬರೆದ. ಮರುವರ್ಷ ಮೆಲ್ಬರ್ನ್ ಕ್ಲಬ್‌ನವರು ನಿಯಮಗಳನ್ನು ಬರೆದಿಟ್ಟರು. ಅಂಡಾಕಾರದ ಮೈದಾನ, ಅಂಡಾಕಾರದ ಚೆಂಡು, ತಂಡಕ್ಕೆ 18 ಜನ. ನಾಲ್ಕು ಕಂಬಗಳಲ್ಲಿ ನಡುವಿನ ಎರಡರ ಮಧ್ಯೆ ಒದ್ದರೆ ಆರು ಅಂಕ, ಪಕ್ಕದಲ್ಲಿ ಹೋದರೆ ಒಂದು. ಎದುರಾಳಿಯ ಹೆಗಲ ಮೇಲೆ ಮಂಡಿಯೂರಿ ಗಾಳಿಯಲ್ಲಿ ಚೆಂಡು ಹಿಡಿಯುವುದನ್ನು ಮೊದಲ ಸಲ ನೋಡಿದಾಗ ನನಗೆ ಉಸಿರು ನಿಂತಂತಾಗಿತ್ತು. ಇವತ್ತಿಗೂ ಆಗುತ್ತದೆ.

ಈಗ ವೃತ್ತಿಯ ವಿಷಯ. ಎಎಫ್‌ಎಲ್‌ನಲ್ಲಿ 18 ಕ್ಲಬ್‌ಗಳಿವೆ, ಒಂದೊಂದರಲ್ಲೂ ನಲವತ್ತಕ್ಕೂ ತುಸು ಹೆಚ್ಚು ಆಟಗಾರರು. ಇಡೀ ದೇಶಕ್ಕೆ ಎಂಟುನೂರರಷ್ಟು ಸ್ಥಾನ ಎಂದಿಟ್ಟುಕೊಳ್ಳಿ. ಹೊಸಬರು ಬರುವ ಮುಖ್ಯ ಬಾಗಿಲು ನವೆಂಬರ್‌ನಲ್ಲಿ ನಡೆಯುವ ಡ್ರಾಫ್ಟ್. ಆ ವರ್ಷ 18 ತುಂಬುವ ಹುಡುಗರ ಹೆಸರುಗಳನ್ನು ಕ್ಲಬ್‌ಗಳು ಸರದಿಯಂತೆ ಕರೆಯುತ್ತವೆ. ಕೊನೆಯ ಸ್ಥಾನದಲ್ಲಿ ನಿಂತ ತಂಡಕ್ಕೆ ಮೊದಲ ಸರದಿ. ಸಾಮಾನ್ಯವಾಗಿ ಅರವತ್ತು ಎಪ್ಪತ್ತು ಹೆಸರು, ಅಷ್ಟೇ. ಇಲ್ಲಿಯ ಹನ್ನೆರಡನೆಯ ತರಗತಿಯ ಪರೀಕ್ಷೆ ಅಕ್ಟೋಬರ್, ನವೆಂಬರ್‌ನಲ್ಲಿ ನಡೆಯುತ್ತದೆ ಎಂಬುದನ್ನು ಗಮನಿಸಿ. ನಮ್ಮಲ್ಲಿ ಪಿಯುಸಿ ಪರೀಕ್ಷೆಯೂ ಸಿಇಟಿಯೂ ಒಟ್ಟೊಟ್ಟಿಗೆ ಮಕ್ಕಳ ತಲೆಯ ಮೇಲೆ ಕೂರುವುದನ್ನು ನೋಡಿದ್ದೀರಿ. ಡ್ರಾಫ್ಟ್‌ನ ಕನಸು ಕಾಣುವ ಹುಡುಗನಿಗೂ ಅದೇ ಪಾಡು.

ಯಾವ ಕ್ಲಬ್ ಕರೆಯುತ್ತದೋ ಅಲ್ಲಿಗೆ ಹೋಗಬೇಕು, ಆಯ್ಕೆ ಹುಡುಗನದಲ್ಲ. ಪರ್ತ್‌ನ ಕ್ಲಬ್ ಕರೆದರೆ ವಿಮಾನದಲ್ಲಿ ನಾಲ್ಕು ಗಂಟೆಯ ದಾರಿ. ಕೆಲವೇ ದಿನಗಳಲ್ಲಿ ಗಂಟುಮೂಟೆ ಕಟ್ಟಿ, ಗುರುತಿಲ್ಲದ ಒಂದು ಮನೆಯಲ್ಲಿ ಆಶ್ರಯ ಪಡೆದು ಅಭ್ಯಾಸಕ್ಕೆ ಇಳಿಯಬೇಕು. ತಾಯಿಯನ್ನು ಊರಿನಲ್ಲಿ ಬಿಟ್ಟು ಬಂದ ನಮಗೆ ಈ ನೋವನ್ನು ಬೇರೆಯವರು ವಿವರಿಸಬೇಕಾಗಿಲ್ಲ. ಮೊದಲ ಒಪ್ಪಂದ ಎರಡು ಅಥವಾ ಮೂರು ವರ್ಷದ್ದು. ಅಷ್ಟರಲ್ಲಿ ತಂಡದಲ್ಲಿ ಸ್ಥಾನ ಗಟ್ಟಿಯಾಗದಿದ್ದರೆ ಇಪ್ಪತ್ತೊಂದನೆಯ ವಯಸ್ಸಿಗೆ ಕೈಬಿಡುತ್ತಾರೆ. ಪ್ರತಿವರ್ಷ ಋತು ಮುಗಿದ ಕೂಡಲೇ ಕೈಬಿಟ್ಟವರ ಹೆಸರುಗಳು ಪತ್ರಿಕೆಯಲ್ಲಿ ಬರುತ್ತವೆ. ಅದನ್ನು ಓದುವಾಗ ನನಗೆ ಆ ತಾಯಂದಿರೇ ಕಣ್ಣ ಮುಂದೆ ಬರುತ್ತಾರೆ.

ಹಣವಿಲ್ಲವೇ ಎಂದರೆ, ಇದೆ. ಲೀಗ್ ಮತ್ತು ಆಟಗಾರರ ಸಂಘದ ನಡುವಿನ 2023ರ ಒಪ್ಪಂದದ ಪ್ರಕಾರ ಆಟಗಾರರ ಸರಾಸರಿ ವೇತನ 2027ಕ್ಕೆ ವರ್ಷಕ್ಕೆ 5,19,000 ಡಾಲರ್ ಮುಟ್ಟಬೇಕು. ಆದರೆ ಸರಾಸರಿಯನ್ನು ನಂಬಬೇಡಿ. ತಾರೆಗಳ ಸಂಬಳ ಅದನ್ನು ಮೇಲಕ್ಕೆ ಎಳೆಯುತ್ತದೆ, ಹೊಸ ಹುಡುಗರದು ಅದಕ್ಕಿಂತ ಬಹಳ ಕಡಿಮೆ. ಬ್ರೆಂಟ್ ಹಾರ್ವಿಯಂತೆ 1996ರಿಂದ 2016ರವರೆಗೆ 432 ಪಂದ್ಯ ಆಡಿದವರು ಬೆರಳೆಣಿಕೆಯ ಮಂದಿ.

ಟಾಮ್ ಬಾಯ್ಡ್ ಎಂಬವನ ಕತೆಯನ್ನು ನಿಮ್ಮ ಯಜಮಾನರಿಗೂ ಹೇಳಿ. 2013ರ ಡ್ರಾಫ್ಟ್‌ನಲ್ಲಿ ಇಡೀ ದೇಶದಲ್ಲಿ ಮೊದಲು ಕರೆದ ಹೆಸರು ಅವನದು. ಮರುವರ್ಷವೇ ನಮ್ಮ ಪಕ್ಕದ ಫುಟ್ಸ್‌ಕ್ರೇಯ ವೆಸ್ಟರ್ನ್ ಬುಲ್‌ಡಾಗ್ಸ್ ಕ್ಲಬ್ ಅವನನ್ನು ಏಳು ವರ್ಷಕ್ಕೆ ಕರೆತಂದಿತು, ಸುಮಾರು 70 ಲಕ್ಷ ಡಾಲರ್ ಎಂದು ಪತ್ರಿಕೆಗಳು ಬರೆದವು. ಆಗವನಿಗೆ ಹತ್ತೊಂಬತ್ತು. ಎರಡು ವರ್ಷ ಜನ ಅವನನ್ನು ಆ ಮೊತ್ತದಿಂದಲೇ ಅಳೆದರು. 2016ರ ಅಕ್ಟೋಬರ್ 1ರಂದು ಗ್ರ್ಯಾಂಡ್ ಫೈನಲ್‌ನಲ್ಲಿ ಅವನು ಮೂರು ಗೋಲು ಹೊಡೆದ. 1954ರ ನಂತರ, 62 ವರ್ಷ ಕಾದು, ಬುಲ್‌ಡಾಗ್ಸ್ ಸಿಡ್ನಿಯನ್ನು ಸೋಲಿಸಿ ಪ್ರಶಸ್ತಿ ಗೆದ್ದಿತು. ಆ ರಾತ್ರಿ ನಮ್ಮ ಬೀದಿಯಲ್ಲಿ ಎಪ್ಪತ್ತು ದಾಟಿದ ನೆರೆಯಾತ ಬಾಗಿಲಲ್ಲಿ ನಿಂತು ಮಗುವಿನಂತೆ ಅತ್ತರು. ನಾನು ಒಳಗಿನಿಂದ ಚಹಾ ಮಾಡಿ ತಂದುಕೊಟ್ಟೆ. ಈ ಊರು ನನ್ನದೂ ಹೌದು ಎಂದು ಮೊದಲ ಸಲ ಅನ್ನಿಸಿದ್ದು ಅಂದು. ಇಷ್ಟೆಲ್ಲ ಆದ ಮೇಲೆ ಬಾಯ್ಡ್ 2019ರಲ್ಲಿ, ಕೇವಲ 23ನೆಯ ವಯಸ್ಸಿನಲ್ಲಿ, ಉಳಿದ ಒಪ್ಪಂದದ ಹಣವನ್ನೂ ಬಿಟ್ಟು ಆಟದಿಂದ ಹೊರನಡೆದ. ಖಿನ್ನತೆ, ಆತಂಕ, ನಿದ್ರೆಯಿಲ್ಲದ ರಾತ್ರಿಗಳ ಬಗ್ಗೆ ಆಮೇಲೆ ತಾನೇ ಮುಚ್ಚುಮರೆಯಿಲ್ಲದೆ ಮಾತನಾಡಿದ. ಈ ವೃತ್ತಿಯ ಎತ್ತರವನ್ನೂ ಆಳವನ್ನೂ ಒಂದೇ ಬದುಕಿನಲ್ಲಿ ನೋಡಬೇಕೆಂದರೆ ಅವನನ್ನು ನೋಡಬೇಕು.

ಮೈಯ ಪೆಟ್ಟಿನ ಮಾತನ್ನು ಮುಚ್ಚಿಡುವುದಿಲ್ಲ. ಸಿಡ್ನಿಯ ಅಲೆಕ್ಸ್ ಜಾನ್ಸನ್ 2012ರಲ್ಲಿ ಪ್ರಶಸ್ತಿ ಗೆದ್ದ ತಂಡದಲ್ಲಿದ್ದ. ಮರುವರ್ಷ ಮಂಡಿಯ ಕಟ್ಟು ಹರಿಯಿತು, ಮತ್ತೆ ಮತ್ತೆ ಶಸ್ತ್ರಚಿಕಿತ್ಸೆಯಾಯಿತು. 2,136 ದಿನಗಳ ನಂತರ 2018ರಲ್ಲಿ ಮರಳಿ ಆಡಿದ, ಎರಡನೆಯ ಪಂದ್ಯದಲ್ಲೇ ಇನ್ನೊಂದು ಮಂಡಿ ಹೋಯಿತು. ತಲೆಯ ಪೆಟ್ಟು ಇದಕ್ಕಿಂತ ಗಂಭೀರ. ಮೆಲ್ಬರ್ನ್ ತಂಡದ ಆಂಗಸ್ ಬ್ರೇಶಾ 2024ರಲ್ಲಿ, 28ನೆಯ ವಯಸ್ಸಿಗೆ, ವೈದ್ಯರ ಮಾತಿನಂತೆ ಆಟ ನಿಲ್ಲಿಸಬೇಕಾಯಿತು. ಹಿಂದಿನ ಪೀಳಿಗೆಯ ಹೆಸರಾಂತ ಆಟಗಾರ ಪಾಲಿ ಫಾರ್ಮರ್ ತೀರಿಕೊಂಡ ಮೇಲೆ ಮೆದುಳನ್ನು ಪರೀಕ್ಷಿಸಿದಾಗ ಪದೇ ಪದೇ ಬಿದ್ದ ಪೆಟ್ಟಿನಿಂದ ಬರುವ ಕಾಯಿಲೆ ಕಂಡಿತು. ಈಗ ನಿಯಮ ಬಿಗಿಯಾಗಿದೆ. ಸ್ಥಳೀಯ ಕ್ಲಬ್‌ಗಳಲ್ಲಿ ತಲೆಗೆ ಅಂಥ ಪೆಟ್ಟು ಬಿದ್ದ ಹುಡುಗ ಕನಿಷ್ಠ 21 ದಿನ ಪಂದ್ಯ ಆಡುವಂತಿಲ್ಲ. ನಿಯಮ ಕಾಗದದಲ್ಲಿದ್ದರೂ ಕಾಯಬೇಕಾದವರು ನೀವು. ನನ್ನ ಮಗನಿಗೆ ಹದಿನೈದರಲ್ಲಿ ಪೆಟ್ಟು ಬಿದ್ದು ಅಂಕ ಎಷ್ಟೆಂದು ಹೇಳಲು ತಡವರಿಸಿದ. ಆಗಿನ ತರಬೇತುದಾರ 'ಏನಾಗಿಲ್ಲ, ಕೊನೆಯ ಕ್ವಾರ್ಟರ್ ಆಡಲಿ' ಎಂದರು. ನಾನು ಬಗ್ಗಿ ಅವನ ಬೂಟಿನ ಲೇಸು ಬಿಚ್ಚಿದೆ. ಮಗ ಎರಡು ದಿನ ಮುನಿಸಿಕೊಂಡಿದ್ದ. ನೀವೂ ಹಿಂಜರಿಯಬೇಡಿ, ಭಾಷೆ ತೊದಲಿದರೂ ಸರಿ, 'ಇಲ್ಲ' ಎನ್ನಿ.

ನಮ್ಮವರಿಗೆ ದಕ್ಕುತ್ತದೆಯೇ ಎಂದಿರಿ. ಸುಡಾನ್‌ನಲ್ಲಿ ಹುಟ್ಟಿ, ಬಾಲಕನಾಗಿ ಇಲ್ಲಿಗೆ ಬಂದು, ನಿಮ್ಮ ಪಕ್ಕದ ವೆರಿಬೀಯಲ್ಲಿ ಬೆಳೆದ ಮೇಜಕ್ ಡಾ 2013ರಲ್ಲಿ ನಾರ್ತ್ ಮೆಲ್ಬರ್ನ್ ಪರ ಆಡಿದ. ಲೆಬನಾನ್ ಮೂಲದ ಬಷಾರ್ ಹೂಲಿ ಮುಸ್ಲಿಂ ಆಚರಣೆಗಳನ್ನು ಬಿಡದೆಯೇ ರಿಚ್ಮಂಡ್‌ನೊಂದಿಗೆ ಮೂರು ಸಲ ಪ್ರಶಸ್ತಿ ಗೆದ್ದ. ಪರ್ತ್‌ನ ವೆಸ್ಟ್ ಕೋಸ್ಟ್ ಪರ 220 ಪಂದ್ಯ ಆಡಿದ ಡೇನಿಯಲ್ ಕೆರ್‌ನ ತಂದೆ ಹುಟ್ಟಿದ್ದು ಕೋಲ್ಕತ್ತದಲ್ಲಿ. ಇಲ್ಲಿಯ ಮಹಿಳಾ ಸಾಕರ್ ತಂಡದ ನಾಯಕಿ ಸ್ಯಾಮ್ ಕೆರ್ ಅವನ ತಂಗಿ. ಭಾರತ ಮೂಲದವರು ಇನ್ನೂ ಬಹಳ ಕಡಿಮೆ, ಅದು ನಿಜ. ಬಣ್ಣದ ಮಾತೂ ಬರುತ್ತದೆ. ಋತುವಿನ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ರೌನ್‌ಲೋ ಪದಕವನ್ನು ಎರಡು ಸಲ ಗೆದ್ದ, ಈ ನೆಲದ ಮೂಲನಿವಾಸಿಯೇ ಆದ ಆಡಮ್ ಗುಡ್ಸ್‌ನನ್ನು ಪ್ರೇಕ್ಷಕರು ಪಂದ್ಯದಿಂದ ಪಂದ್ಯಕ್ಕೆ ಕೂಗಿ ಅವಮಾನಿಸಿದರು. 2015ರಲ್ಲಿ ಅವನು ಆಟ ಬಿಟ್ಟ. ಆ ದಿನಗಳಲ್ಲಿ ನನಗೆ ಮೈದಾನಕ್ಕೆ ಹೋಗುವ ಮನಸ್ಸಾಗುತ್ತಿರಲಿಲ್ಲ. ಲೀಗ್ ಕೊನೆಗೆ 2019ರಲ್ಲಿ ಕ್ಷಮೆ ಕೇಳಿತು.

ಪರದೇಶದಿಂದ ಬಂದವರಲ್ಲಿ ನನಗೆ ಅತ್ಯಂತ ಹತ್ತಿರವಾದವನು ಜಿಮ್ ಸ್ಟೈನ್ಸ್. 1984ರಲ್ಲಿ, ಹದಿನೆಂಟರ ಹುಡುಗ, ಐರ್ಲೆಂಡ್‌ನಿಂದ ಈ ಆಟದ ಗಂಧಗಾಳಿಯಿಲ್ಲದೆ ಮೆಲ್ಬರ್ನ್ ಕ್ಲಬ್‌ಗೆ ಬಂದ. 1987ರ ಸೆಮಿಫೈನಲ್ ಮಟ್ಟದ ಪಂದ್ಯದಲ್ಲಿ, ಕೊನೆಯ ಗಳಿಗೆಯಲ್ಲಿ, ಚೆಂಡು ಹಿಡಿದು ನಿಂತ ಎದುರಾಳಿಯ ಮುಂದೆ ಅಡ್ಡ ಓಡಿಬಿಟ್ಟ. ಆ ತಪ್ಪಿಗೆ ಎದುರಾಳಿಗೆ 15 ಮೀಟರ್ ಮುಂದೆ ಬರುವ ಅವಕಾಶ ಸಿಕ್ಕಿತು, ಆಟ ಮುಗಿದ ಸೈರನ್ ಆದ ಮೇಲೆ ಗೋಲು ಬಿತ್ತು, ತಂಡ ಎರಡು ಅಂಕದಿಂದ ಸೋತಿತು. ಊರೆಲ್ಲ ಅವನ ಹೆಸರು ಹಿಡಿದು ಬೈಯಿತು. ಅವನು ಊರು ಬಿಟ್ಟು ಓಡಲಿಲ್ಲ. 1991ರಲ್ಲಿ ಬ್ರೌನ್‌ಲೋ ಗೆದ್ದ, ಒಂದೂ ತಪ್ಪಿಸದೆ ಸತತ 244 ಪಂದ್ಯ ಆಡಿದ. ಆ ದಾಖಲೆಯನ್ನು 2025ರವರೆಗೆ ಯಾರೂ ಮುರಿದಿರಲಿಲ್ಲ. ಆಡುತ್ತಿರುವಾಗಲೇ, 1994ರಲ್ಲಿ, ಹದಿಹರೆಯದವರ ಮನದ ದುಗುಡಕ್ಕೆ ಕಿವಿಗೊಡುವ ಸಂಸ್ಥೆಯೊಂದನ್ನು ಗೆಳೆಯನೊಂದಿಗೆ ಕಟ್ಟಿದ. 2012ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡಾಗ ರಾಜ್ಯವೇ ಗೌರವದ ಅಂತ್ಯಕ್ರಿಯೆ ನಡೆಸಿತು. ಎಂಸಿಜಿಯ ಹೊರಗೆ ಅವನ ಪ್ರತಿಮೆಯಿದೆ, ಮಗನನ್ನು ಒಂದು ದಿನ ಅಲ್ಲಿಗೆ ಕರೆದುಕೊಂಡು ಹೋಗಿ.

ನನ್ನ ಮಗನ ಮಾತು ಹೇಳಿ ಮುಗಿಸುತ್ತೇನೆ. ಹದಿನೇಳರಲ್ಲಿ ನಮ್ಮ ಭಾಗದ ತಂಡದ ಆಯ್ಕೆಗೆ ಹೋದ, ಮೂರು ತಿಂಗಳು ಬೆವರು ಸುರಿಸಿದ, ಕೊನೆಯ ಪಟ್ಟಿಯಲ್ಲಿ ಹೆಸರಿರಲಿಲ್ಲ. ಕಾರಿನಲ್ಲಿ ಬೂಟು ಬಿಚ್ಚದೆ ಕುಳಿತಿದ್ದ. ಆ ಕೆಸರನ್ನು ನಾನು ಒಂದು ವಾರ ಒರೆಸಲಿಲ್ಲ. ಈಗ ಅವನು ಎಲೆಕ್ಟ್ರಿಷಿಯನ್. ಕಲಿಯಲು ಮೊದಲು ಜೊತೆಗೆ ಸೇರಿಸಿಕೊಂಡವರು ಅದೇ ಕ್ಲಬ್‌ನ ಗೆಳೆಯನ ತಂದೆ. ಎಂಜಿನಿಯರ್ ಆಗಲಿಲ್ಲವೆಂದು ನನ್ನವರಿಗೆ ಕೆಲವು ಕಾಲ ಬೇಸರವಿತ್ತು, ಈಗ ಇಲ್ಲ. ಶನಿವಾರ ಬಡಾವಣೆಯ ತಂಡಕ್ಕೆ ಆಡುತ್ತಾನೆ, ನೆರೆಯವರ ಮದುವೆಗೂ ಸಾವಿಗೂ ನಮ್ಮನ್ನು ಕರೆಯುವಂತಾಗಿದ್ದು ಅವನ ಆಟದಿಂದಲೇ.

ನಿಮ್ಮ ಮಗನಿಗೆ ಹದಿನಾರರವರೆಗೆ ಆಟವೂ ಓದೂ ಜೊತೆಯಾಗಿ ನಡೆಯಲಿ. ಆಯ್ಕೆಯ ಕರೆ ಬಂದರೆ ಆಗ ಕುಳಿತು ಯೋಚಿಸಿ. ಬಂದರೂ ಓದು ಬಿಡಬೇಕಾಗಿಲ್ಲ, ಆಟಗಾರರ ಸಂಘವೇ ಓದಿಗೆ ಧನಸಹಾಯ ಕೊಡುತ್ತದೆ. ಸದ್ಯಕ್ಕೆ ಈ ಭಾನುವಾರ ನೀವಿಬ್ಬರೂ ಮೈದಾನಕ್ಕೆ ಹೋಗಿ, ಕಾರಿನೊಳಗೆ ಕೂರಬೇಡಿ. ಸಮಯ ನೋಡಿಕೊಳ್ಳುವವರು, ನೀರು ಕೊಡುವವರು ಯಾವಾಗಲೂ ಬೇಕಾಗಿರುತ್ತಾರೆ. ನಿಮ್ಮ ಯಜಮಾನರೇ ಹೋಗಿ ಕೇಳಲಿ, ನೀರಿನ ಬಾಟಲಿ ಹಿಡಿದು ಓಡಿದವರಿಗೆ ಆಟ ಬೇಗ ಅರ್ಥವಾಗುತ್ತದೆ. ನೀವು ಹತ್ತು ಕಿತ್ತಳೆ ಹಣ್ಣು ತೆಗೆದುಕೊಳ್ಳಿ. ಸಿಪ್ಪೆ ಸುಲಿಯದೆ ಒಂದೊಂದನ್ನೂ ನಾಲ್ಕು ಹೋಳು ಮಾಡಿ ಡಬ್ಬಿಗೆ ತುಂಬಿ. ಒಂದು ಖಾಲಿ ಚೀಲವೂ ಇರಲಿ, ವಿರಾಮದಲ್ಲಿ ಹುಡುಗರು ಮೌತ್‌ಗಾರ್ಡ್ ತೆಗೆದು ತಿಂದು ಸಿಪ್ಪೆಯನ್ನು ನಿಮ್ಮ ಕೈಗೇ ಕೊಟ್ಟು ಓಡುತ್ತಾರೆ.